ಹಗ್ಗ ಬಿಟ್ಟು ಕೊಂಡ ವಿಡಿಯೋ ಗೇಮು

ನಂಬಲ್ಲ ಅಂತೀರಾ? ಅನ್ನಿ ನೋಡೋಣ. ಬೆಳಗ್ಗೆ ಏಳು ಗಂಟೆಗೆ ಮಾಕಳಿಯಿಂದ ಯಶವಂತಪುರಕ್ಕೆ ಬರುವ ಬಸ್ಸಿನವರನ್ನು ಕೇಳಿ. ಅವರಿಗೆ ಗೊತ್ತಿಲ್ಲದ್ದನ್ನು ನನ್ನ ಕೇಳಿ. ಒಂದು ಎಳೆ ಸುಳ್ಳಿದ್ದರೂ ನನ್ನ ಅರ್ಧ ಮೀಸೆ ಬೋಳಿಸಿ. ಇಂಥವು ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುತ್ತವಂತೆ. ನನಗೆ ವಾರಕ್ಕೊಂದು, ಹಬ್ಬ ಬಂದರೆ ಎರಡು.

೧. ಪಂದ್ಯ

ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮಪ್ಪ ದನದ ದಲ್ಲಾಳಿ. ಸುತ್ತ ಹತ್ತು ಹಳ್ಳಿಯಲ್ಲಿ ಅವನು ಹಲ್ಲು ನೋಡದೆ ಒಂದು ಎತ್ತೂ ಕೈ ಬದಲಾಗಿಲ್ಲ. ಆ ರಕ್ತ ನನ್ನಲ್ಲೂ ಇದೆ. ಯಾವ ಮಾಲನ್ನಾದರೂ ನನ್ನ ಮುಂದೆ ತಂದು ನಿಲ್ಲಿಸಿ, ಒಳ್ಳೆಯದೋ ಕೆಟ್ಟದ್ದೋ ನಿಂತಲ್ಲೇ ಹೇಳುತ್ತೇನೆ.

ನಮ್ಮ ಬಸ್ಸಿನಲ್ಲಿ ಒಬ್ಬರು ಗುಮಾಸ್ತರು ದಿನಾ ಕಿಟಕಿ ಪಕ್ಕ ಕೂತು, ಅಂಗೈ ಅಗಲದ ವಿಡಿಯೋ ಗೇಮು ಹಿಡಿದು ಗುಂಡಿ ಒತ್ತುತ್ತಿದ್ದರು. ನಮ್ಮೂರಿನಲ್ಲಿ ಟಿ.ವಿ. ಇದ್ದದ್ದೇ ಎರಡು ಮನೆಯಲ್ಲಿ. ಹಾಗಾಗಿ ಇಡೀ ಬಸ್ಸು ಅವರ ಕಡೆಗೆ ಕತ್ತು ಚಾಚುತ್ತಿತ್ತು. ಪರದೆ ಮಾತ್ರ ಯಾರಿಗೂ ಕಾಣದು. "ಬಿಸಿಲು ಬಿದ್ರೆ ಹಾಳಾಗುತ್ತೆ" ಅಂತ ಅಂಗೈ ಮರೆ ಮಾಡುತ್ತಿದ್ದರು. "ಸದ್ದೇ ಬರಲ್ವಲ್ಲ ಸಾರ್?" ಅಂದರೆ, "ಬೇರೆಯವರಿಗೆ ತೊಂದರೆ ಅಂತ ಆಫ್ ಮಾಡಿದೀನಿ ಕಣಯ್ಯ" ಅನ್ನುತ್ತಿದ್ದರು.

ಒಂದು ದಿನ ಕೇಳಿಯೇ ಬಿಟ್ಟೆ. "ಸಾರ್, ನಂಗೂ ಒಂದಾಟ ಕೊಡಿ."

"ನಿನ್ನ ಕೈಗಾ? ಅದು ನೇಗಿಲು ಹಿಡಿಯೋ ಕೈ. ಗುಂಡಿ ಕಿತ್ತು ಬರುತ್ತೆ."

ಬಸ್ಸು ನಕ್ಕಿತು. ನಾನು ಮೊದಲೇ ನಿಂತಿದ್ದೆ, ಈಗ ಇನ್ನಷ್ಟು ನಿಂತೆ. "ಯುಗಾದಿ ಕಳೆದ ಸೋಮವಾರ ನನ್ನದೇ ಗೇಮು ತಂದು ಇದೇ ಬಸ್ಸಲ್ಲಿ ಆಡ್ತೀನಿ. ಆಡಿದ್ರೆ ಆ ಕಿಟಕಿ ಸೀಟು ನಂದು. ಆಡದಿದ್ರೆ ವರ್ಷಪೂರ್ತಿ ನಿಮ್ಮ ಊಟದ ಡಬ್ಬಿ ನಾನು ಹೊರ್ತೀನಿ!"

ಕಂಡಕ್ಟರು ಸೀಟಿ ಊದಿ "ರೈಟ್!" ಅಂದ. ಬಸ್ಸಿಗೆ ಅಂದನೋ, ನನ್ನ ಪಂದ್ಯಕ್ಕೆ ಅಂದನೋ ಗೊತ್ತಿಲ್ಲ. ಎರಡೂ ಹೊರಟವು.

೨. ಹನ್ನೊಂದು ಜನ

ಓವರ್‌ಟೈಮ್ ಮಾಡಿ ಕೂಡಿಸಿದ ಇನ್ನೂರು ರೂಪಾಯಿ ಇಟ್ಟುಕೊಂಡು ಆರ್.ಟಿ. ನಗರದ ಫಾರಿನ್ ಸಾಮಾನಿನ ಅಂಗಡಿಗೆ ಹೋದೆ. ಒಂದು ಗೇಮು ಕೈಗೆ ತಗೊಂಡು ತಿರುಗಿಸಿದೆ, ಬೆನ್ನು ತಟ್ಟಿದೆ, ಹೊಟ್ಟೆಯ ಕೆಳಗೆ ಬಗ್ಗಿ ನೋಡಿದೆ.

"ಏನ್ ಹುಡುಕ್ತಿದೀಯ ಗುರು?" ಅಂದ ಅಂಗಡಿಯವನು.

"ಸುಳಿ. ಕೆಟ್ಟ ಸುಳಿ ಇದ್ದ ಎತ್ತು ಮನೆಗೆ ಆಗಿಬರಲ್ಲ. ಮೂರು ದಿನ ಮನೆಗೆ ಕಳಿಸಿ ನೋಡೋಣ. ಹೊಲ ಉತ್ತು ನೋಡದೆ ನಾವು ಎತ್ತು ಕೊಳ್ಳೋರಲ್ಲ."

"ಇದು ಸಗಣಿ ಹಾಕಲ್ಲ. ಗ್ಯಾರಂಟಿ ಅಷ್ಟೇ ಕೊಡೋದು."

ಎದುರಿಗೆ ಎರಡಿಟ್ಟ. ಒಂದರ ಪರದೆಯಲ್ಲಿ ಕೊಡೆ ಹಿಡಿದ ಒಬ್ಬನೇ ಮನುಷ್ಯ. ಇನ್ನೊಂದಕ್ಕೆ ಆಗತಾನೆ ಸೆಲ್ ಹಾಕಿದ. ಪರದೆ ತುಂಬ ಜನ! ಎಣಿಸಿದೆ, ಹನ್ನೊಂದು. ಎರಡಕ್ಕೂ ಒಂದೇ ಬೆಲೆ. ಇವನಿಗೆ ವ್ಯಾಪಾರವೇ ಗೊತ್ತಿಲ್ಲ ಅಂತ ಒಳಗೊಳಗೇ ನಕ್ಕು, ಹನ್ನೊಂದು ಜನ ಇದ್ದದ್ದಕ್ಕೆ ಕೈ ಹಾಕಿದೆ. ಅವನು ಒಂದು ಗುಂಡಿ ಒತ್ತಿದ. ಹತ್ತು ಜನ ಮಾಯ.

"ಉಳಿದವರೆಲ್ಲಿ?"

"ಇದ್ದಿದ್ದೇ ಒಬ್ಬ ಗುರು. ಅವನು ಎಲ್ಲೆಲ್ಲಿ ನಿಲ್ತಾನೋ ಅಷ್ಟೂ ಜಾಗನ ಮೊದಲು ಒಟ್ಟಿಗೇ ತೋರಿಸುತ್ತೆ."

"ಹಾಗಾದ್ರೆ ಹತ್ತು ಜನರ ದುಡ್ಡು ಇಳಿಸಿ."

ಅವನು ಇಳಿಸಲಿಲ್ಲ. ಬೆಲೆ ನನ್ನ ಇನ್ನೂರಕ್ಕೆ ಎರಡರಷ್ಟು. ಆದರೂ ಪುಣ್ಯಾತ್ಮ ದಾರಿ ತೋರಿಸಿದ. "ಹಿಂದಿನ ಬೀದೀಲಿ ಒಬ್ರು ಸಾಹೇಬ್ರಿದಾರೆ. ಅವರ ಅಳಿಯ ಸೌದಿಯಿಂದ ಕಳಿಸಿದ್ದು ಒಂದಿದೆ. ಹಳೇದು. ಕೇಳಿ ನೋಡು. ಆದ್ರೆ ಅಲ್ಲೂ ಸುಳಿ ಹುಡುಕ್ಬೇಡ."

೩. ಟವೆಲ್ ಕೆಳಗೆ

ಹಳೆ ಮಾಲು ಅಂದಮೇಲೆ ನಮ್ಮಪ್ಪನೇ ಬರಬೇಕು. ಕರೆದುಕೊಂಡು ಹೋದೆ. ಸಾಹೇಬರು ಬಾಗಿಲಿಗೆ ಬಂದರು. ಇಬ್ಬರೂ ಮುಖ ಮುಖ ನೋಡಿ ಒಟ್ಟಿಗೇ ಕೂಗಿದರು. ಪ್ರಾಯದಲ್ಲಿ ಸಾಹೇಬರದೂ ದನದ ವ್ಯಾಪಾರವೇ, ಇಬ್ಬರೂ ಒಂದೇ ಜಾತ್ರೆಗಳಲ್ಲಿ ಕೂಡಿದವರು! ಚಹಾ ಬಂತು. ಸತ್ತು ಸ್ವರ್ಗ ಸೇರಿದ ಎತ್ತುಗಳನ್ನೆಲ್ಲ ನೆನೆದಾಯಿತು. ಆಮೇಲೆ ಗೇಮು ಹೊರಗೆ ಬಂತು. ಗುಂಡಿ ಒತ್ತಿದೆ. ಕೀಂ ಕೀಂ ಅಂತ ಚೂಟಿಯಾಗಿ ಓಡಿತು.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದ. ಇಬ್ಬರೂ ಅದರ ಕೆಳಗೆ ಕೈ ಕೈ ಸೇರಿಸಿ, ಬೆರಳು ಹಿಡಿದು ಬಿಟ್ಟು ಚೌಕಾಸಿ ಮಾಡಿದರು. ದನದ ವ್ಯಾಪಾರದಲ್ಲಿ ಬೆಲೆ ಬಾಯಿಗೆ ಬರುವುದಿಲ್ಲ, ಬೆರಳಿಗೇ ಬರುವುದು. "ಯಾ ಅಲ್ಲಾ!" ಅಂದರು ಸಾಹೇಬರು. "ಅಯ್ ಶಿವನೇ!" ಅಂದ ಅಪ್ಪ. ಮುಗಿಯಿತು. ದುಡ್ಡು ನನ್ನದು, ಬೆಲೆ ಎಷ್ಟೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ನಮ್ಮ ಕಡೆ ಒಂದು ಪದ್ಧತಿ. ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ. ಕೊಂಡವನೇ ತನ್ನ ಹಗ್ಗ ತಂದು ಹಿಡಿದುಕೊಂಡು ಹೋಗಬೇಕು. ಸಾಹೇಬರು ಗೇಮಿನ ಬೆನ್ನ ಮುಚ್ಚಳ ಉಗುರಿನಲ್ಲಿ ತೆಗೆದು, ಒಳಗಿದ್ದ ಎರಡು ಪುಟಾಣಿ ಸೆಲ್ಲನ್ನು ಜೇಬಿಗೆ ಹಾಕಿಕೊಂಡರು. "ಎತ್ತು ನಿಮ್ದು, ಹಗ್ಗ ನಮ್ದು. ಹಗ್ಗ ಕೊಟ್ರೆ ಮನೆ ಸಿರಿ, ಬರ್ಕತ್ತು ಹೋಗ್ತದೆ ಗೌಡ್ರೇ."

"ನ್ಯಾಯ" ಅಂದ ಅಪ್ಪ.

"ಅಪ್ಪಾ, ಅದು ಹಗ್ಗ ಅಲ್ಲ, ಅದರ ಉಸಿರು!"

"ಸುಮ್ಕಿರ್ಲಾ! ಮಾರ್ದೋನ್ ತಾವ ಅಗ್ಗ ಕೇಳೋ ಮನೆತನವಾ ನಮ್ದು? ಕೊಟ್ಗೇಲಿ ಇಪ್ಪತ್ ಅಗ್ಗ ಬಿದ್ದವೆ, ಒಂದ್ ಕಟ್ಕೋ ಓಗು."

೪. ಸೋಮವಾರ

ಆರ್.ಟಿ. ನಗರದ ಅಂಗಡಿಯವನು, "ಗೇಮಿನ ಜೊತೆ ಬಂದಿದ್ದಷ್ಟೇ ಗುರು, ಸೆಲ್ ಬಿಡಿಯಾಗಿ ಇಲ್ಲ" ಅಂದ. ಯಶವಂತಪುರದ ವಾಚ್ ರಿಪೇರಿ ಅಂಗಡಿಗಳನ್ನೆಲ್ಲ ಅಲೆದೆ. "ಈ ಸೈಜು ಇಲ್ಲಿ ಸಿಗಲ್ಲ, ಫಾರಿನ್ನಿಂದಲೇ ಬರ್ಬೇಕು" ಅಂದರು. ಸೋಮವಾರ ಮಾತ್ರ ಎಲ್ಲಿಂದಲೂ ಬರಬೇಕಿರಲಿಲ್ಲ, ತಾನೇ ಬಂತು.

ಬಸ್ಸು ಹತ್ತಿದೆ. "ಎಲ್ಲಪ್ಪಾ ಗೇಮು?" ಅಂದ ಕಂಡಕ್ಟರು. ಗುಮಾಸ್ತರು ಊಟದ ಡಬ್ಬಿಯನ್ನು ಆಗಲೇ ನನ್ನ ಕಡೆಗೆ ಸರಿಸಿದ್ದರು.

ಡಬ್ಬಿ ಹೊರುವುದಾ? ದಲ್ಲಾಳಿಯ ಮಗನಾ? ಜೇಬಿನಿಂದ ಗೇಮು ತೆಗೆದೆ. ಅಂಗೈ ಮರೆ ಮಾಡಿದೆ. ತಲೆ ಬಗ್ಗಿಸಿ, ಸತ್ತ ಗೇಮಿನ ಗುಂಡಿಗಳನ್ನು ಒಂದೇ ಸಮ ಒತ್ತಿದೆ. "ಅಯ್ಯೋ, ಹೋಯ್ತು! ಇಲ್ಲ ಇಲ್ಲ, ಸಿಕ್ತು!" ಹಿಂದಿನಿಂದ ಯಾರೋ, "ಸದ್ದೇ ಇಲ್ವಲ್ಲೋ?" ಅಂದರು. "ಬೇರೆಯವರಿಗೆ ತೊಂದರೆ" ಅಂದೆ. ಪೀಣ್ಯ ದಾಟುವ ಹೊತ್ತಿಗೆ ಬಸ್ಸಿಗೆ ಬಸ್ಸೇ ನನ್ನ ಕಡೆ ಕತ್ತು ಚಾಚಿತ್ತು.

ಗುಮಾಸ್ತರು ಮಾತ್ರ ನನ್ನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ನನ್ನ ಅಂಗಿ ಜಗ್ಗಿ ಬಗ್ಗಿಸಿಕೊಂಡು, ಕಿವಿಯಲ್ಲಿ ಕೇಳಿದರು:

"ನಿಮ್ಮದರಲ್ಲೂ ಸೆಲ್ ಇಲ್ವಾ?"

"ನಿಮ್ಮದರಲ್ಲೂ ಅಂದ್ರೆ?"

"ನಂದು ದೀಪಾವಳಿಗೇ ಖಾಲಿ ಆಯ್ತು. ಯಾರಿಗೂ ಹೇಳ್ಬೇಡಿ."

ನಾನು ಅವರ ಮುಖ ನೋಡಿದೆ. ಆಮೇಲೆ ಅವರ ಸೀಟು ನೋಡಿದೆ. ಓದಿದವರು, ಬೇಗ ಅರ್ಥ ಮಾಡಿಕೊಂಡರು. ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ, "ಭೇಷ್! ಚೆನ್ನಾಗಿ ಆಡ್ತಾರೆ ಕಣ್ರೀ" ಅಂದರು.

ಅವರು ನನಗೆ ಕೊಟ್ಟದ್ದು ಕಿಟಕಿ ಸೀಟು, ಮತ್ತು ಡಬ್ಬಿಯಿಂದ ಅರ್ಧ ಒಬ್ಬಟ್ಟು.