ಶೆಡ್ಡಿನಲ್ಲಿ ನಾಲ್ಕು ಸಲ ಟಕ್

ಬೈಕಿನ ಗೇರು ಸರಿಮಾಡಲು ಮೆಕ್ಯಾನಿಕ್ ಯಾಕೆ, ನಾನಿಲ್ಲವೇ? ಸೋಮವಾರ ಬೆಳಿಗ್ಗೆ ತೋಳು ಮಡಚಿ, ನಮ್ಮನೆಯವರ ಮುಂದೆ ಹೀಗೊಂದು ಘೋಷಣೆ ಹೊರಡಿಸಿದೆ.

"ನಿನಗೇನು ಗೊತ್ತು ಅದೆಲ್ಲ?"

"ಆರು ವರ್ಷ ಮೆಕ್ಯಾನಿಕ್ ಅಂಗಡಿ ಗೋಡೆಗೆ ಒರಗಿ ಬಟ್ಟೆ ಹೊಲಿದಿದ್ದೀನಿ. ಅಲ್ಲಿ ಆಡಿದ್ದೆಲ್ಲ ನನ್ನ ಕಿವಿಯಲ್ಲಿದೆ. ಎಂಜಿನ್ ಕೆಮ್ಮಿದರೆ ಸಾಕು, ರೋಗ ಹೇಳ್ತೀನಿ!"

"ಹೇಳೋದಲ್ಲ, ವಾಸಿ ಮಾಡು. ಶನಿವಾರದೊಳಗೆ ಆಗದಿದ್ರೆ ಗುಜರಿಯವನಿಗೆ ಕೊಟ್ಟುಬಿಡ್ತೀನಿ."

ಅದು ಹೋದ ವರ್ಷ ತೀರಿಕೊಂಡ ಮಾವನವರ ಬೈಕು. ಹೊಲಿದ ಬಟ್ಟೆಯ ಗಂಟುಗಳನ್ನು ಅಂಗಡಿಗಳಿಗೆ ತಲುಪಿಸಲು ನನಗಿರುವುದು ಅದೊಂದೇ. ಅದು ಗುಜರಿಗೆ ಹೋದರೆ ನನ್ನ ಹೊಲಿಗೆಯೂ ಅದರ ಬೆನ್ನಿಗೇ ಹೋದಂತೆ.

ರೋಗವೇನೂ ದೊಡ್ಡದಲ್ಲ. ಕಾಲಲ್ಲಿ ಒತ್ತುವ ಲಿವರಿಗೂ ಎಂಜಿನ್ನಿಗೂ ನಡುವೆ ಗೇಣುದ್ದದ ಒಂದು ಸರಳು. ಅದರ ಎರಡು ತುದಿಗೂ ಒಂದೊಂದು ನಟ್ಟು. ಎರಡೂ ಸಡಿಲ. ದೇವರಿಗೆ ಕೈಮುಗಿದು ಸ್ಪ್ಯಾನರ್ ಹಿಡಿದೆ. ಎರಡನ್ನೂ ಬಲಕ್ಕೆ ತಿರುಗಿಸಿ, ಕೈ ಸೋಲುವವರೆಗೆ ಬಿಗಿದೆ. ಕೈತೊಳೆದು ಬಂದು ವಿಜಯಶಾಲಿಯಂತೆ ಊಟ ಮಾಡಿದೆ.

ಮಂಗಳವಾರ ಬೆಳಿಗ್ಗೆ ಹಿಂದಿನ ನಟ್ಟು ಸಡಿಲ! ಲಿವರು ಸತ್ತ ಇಲಿಯ ಬಾಲದಂತೆ ಜೋತುಬಿದ್ದಿತ್ತು. ಮತ್ತೆ ಬಿಗಿದೆ. ಬುಧವಾರ ಮತ್ತೆ ಸಡಿಲ, ಮತ್ತೆ ಬಿಗಿದೆ.

"ಯಾರಾದರೂ ಬೈಕ್ ಮುಟ್ಟಿದ್ರಾ?"

"ನನಗೆ ಆಫೀಸಲ್ಲಿ ಕೆಲಸ ಕಡಿಮೆಯಾಗಿದೆ ಅಂದ್ಕೊಂಡ್ಯಾ?" ಅಂದರು ನಮ್ಮನೆಯವರು.

"ಮಧ್ಯಾಹ್ನ ಒಂದು ನಿದ್ದೆ ತೆಗೆಯೋದು ಬಿಟ್ರೆ ನಾನೇನು ಮಾಡ್ತೀನಮ್ಮ?" ಅಂದರು ಅತ್ತೆ.

ಅವತ್ತು ಮಧ್ಯಾಹ್ನ ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ಗಾಳಿ ಸತ್ತಂತಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದೆ. ಆಗ ಶೆಡ್ಡಿನಿಂದ ಕೇಳಿಸಿತು.

ಟಕ್.

ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಟಕ್... ಟಕ್... ಟಕ್.

ಮಾವನವರು ಬೈಕ್ ಹತ್ತಿದ ಕೂಡಲೇ ಹೀಗೇ ಗೇರು ಪರೀಕ್ಷಿಸುತ್ತಿದ್ದರು. ಕೆಳಕ್ಕೆ ಒಂದು, ಒಂದು ಉಸಿರಿನಷ್ಟು ಬಿಡುವು, ಮೇಲಕ್ಕೆ ಮೂರು! ನೂರೆಂಟು ಸಲ ದೇವರ ಹೆಸರು ಹೇಳಿದೆ. ಎದ್ದು ಹೋಗಿ ನೋಡುವ ಧೈರ್ಯ ಮಾತ್ರ ಒಂದು ಸಲವೂ ಬರಲಿಲ್ಲ. ಸಂಜೆ ನಮ್ಮನೆಯವರ ಬೆನ್ನ ಹಿಂದೆ ಅವಿತು ಒಳಗೆ ಹೋದರೆ, ನಟ್ಟು ಸಡಿಲ.

"ಇಲಿ ಇರಬೇಕು," ಅಂದರು ಅವರು.

"ಗೇರ್ ಹಾಕೋ ಇಲಿಯಾ?"

ಗುರುವಾರ ನಟ್ಟು ಬಿಗಿದು, ಬೈಕಿನ ಎಡಮಗ್ಗುಲಲ್ಲಿ ನೆಲದ ಮೇಲೆ ಹಿಟ್ಟು ಚೆಲ್ಲಿದೆ. ಸಂಜೆ ಇಬ್ಬರೂ ಬಗ್ಗಿ ನೋಡಿದೆವು. ಹಿಟ್ಟಿನ ನಡುವೆ ಒಂದೇ ಒಂದು ಬರಿಗಾಲಿನ ಗುರುತು. ಎಡಗಾಲು. ಬಂದ ಹೆಜ್ಜೆಯಿಲ್ಲ, ಹೋದ ಹೆಜ್ಜೆಯಿಲ್ಲ.

ನಮ್ಮನೆಯವರ ತಲೆಯಿಂದ ಇಲಿ ಓಡಿಹೋಯಿತು. "ಅಪ್ಪ..." ಅಂದರು, ಬಾಯೊಳಗೇ. "ಶನಿವಾರದವರೆಗೆ ಕಾಯೋದು ಬೇಡ. ನಾಳೆ ನಾಲ್ಕಕ್ಕೇ ಗುಜರಿಯವನನ್ನ ಕರೀತೀನಿ."

ಶುಕ್ರವಾರ ಮೂರೂವರೆಗೆ ಅವರು ಅರ್ಧ ದಿನ ರಜೆ ಹಾಕಿ ಗೇಟಿನಲ್ಲಿ ನಿಂತು ಗುಜರಿಯವನ ದಾರಿ ಕಾಯುತ್ತಿದ್ದರು. ನಾನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದೆ.

ಟಕ್.

ಹೋದರೆ ಪ್ರಾಣ, ಹೋಗದಿದ್ದರೆ ಬೈಕು! ಒಂದು ಕೈಯಲ್ಲಿ ಸ್ಪ್ಯಾನರ್, ಬಾಯಲ್ಲಿ ದೇವರ ಹೆಸರು. ಕಣ್ಣು ಅರ್ಧ ಮುಚ್ಚಿಕೊಂಡು ಶೆಡ್ಡಿನ ಬಾಗಿಲು ತಳ್ಳಿದೆ.

ಬೈಕಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಒಂದು ಆಕೃತಿ ಕೂತಿತ್ತು. ಕಣ್ಣು ಮುಚ್ಚಿತ್ತು. ಎಡಗಾಲು ಲಿವರಿನ ಮೇಲಿತ್ತು. ಟಕ್... ಟಕ್... ಟಕ್.

"ಅತ್ತೇ!"

"ಕಿರುಚಬೇಡ ಕಣೇ, ಎದೆ ಒಡೆದುಹೋಗುತ್ತೆ!"

"ನಿದ್ದೆ ಮಾಡ್ತೀನಿ ಅಂತ ಇಲ್ಲಿ ಕೂತಿದ್ದೀರಾ? ಆ ಹೆಜ್ಜೆ ಗುರುತು?"

"ಬಲಗಡೆಯಿಂದ ಹತ್ತಿದೆ. ಕಾಲು ನೋವು ಅಂತ ಎಡಗಾಲು ಒಂದು ಸಲ ಕೆಳಗಿಟ್ಟೆ, ಅಂಗಾಲೆಲ್ಲ ಹಿಟ್ಟು! ಅದನ್ನ ಸೆರಗಿಗೆ ಒರೆಸಿಕೊಂಡು ಮತ್ತೆ ಬಲಗಡೆಯಿಂದಲೇ ಇಳಿದೆ. ಶೆಡ್ಡಿನಲ್ಲಿ ಹಿಟ್ಟು ಚೆಲ್ಲೋ ಸೊಸೆಯನ್ನ ಇದೇ ಮೊದಲು ನೋಡಿದ್ದು." ಆಮೇಲೆ ದನಿ ತಗ್ಗಿಸಿದರು. "ಅವರು ಹೋದ ಮೇಲೆ ಮನೇಲಿ ಹೀಗೆ ಒಂದು, ಆಮೇಲೆ ಮೂರು ಅನ್ನೋ ಈ ಸದ್ದೇ ಇಲ್ಲ. ಕೇಳಬೇಕು ಅನ್ನಿಸ್ತು."

ಎತ್ತಿದ್ದ ಸ್ಪ್ಯಾನರ್ ಕೆಳಗಿಳಿಸಿದೆ. ಆದರೂ ನಟ್ಟಿನ ನೆನಪಾಯಿತು. "ಅದಕ್ಕೆ ನಟ್ಟು ಯಾಕೆ ಸಡಿಲ ಮಾಡಿದ್ರಿ?"

"ನಾನಾ? ನೀನು ಮಾಡಿದ್ದು! ಹಿಂದಿನದು ಉಲ್ಟಾ ನಟ್ಟು. ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗೋದು. ನಾಲ್ಕು ದಿನದಿಂದ ಮೈಯೆಲ್ಲ ಬೆವರು ಸುರಿಸಿ ಬಿಚ್ಚಿ, ಬಿಗಿದೆ ಅಂತ ಕೈಮುಗಿದು ಬರ್ತಿದ್ದೀಯ."

ಗೋಡೆಯಾಚೆಯಿಂದ ಕೇಳಿ ಕಲಿತ ವಿದ್ಯೆ! ಸ್ಪ್ಯಾನರ್ ಯಾವ ಕಡೆ ತಿರುಗಿತು ಎಂದು ಕಿವಿಗೆ ಹೇಗೆ ಗೊತ್ತಾಗಬೇಕು?

"ಊರಿನವರ ಮಾತಿಗೆಲ್ಲ ಕಿವಿ ಕೊಡ್ತೀಯ. ನಿಮ್ಮ ಮಾವನವರಿಗೆ ಮೂವತ್ತು ವರ್ಷ ಸ್ಪ್ಯಾನರ್ ಎತ್ತಿಕೊಟ್ಟವಳನ್ನ ಒಂದು ಮಾತು ಕೇಳಿದ್ಯಾ?"

ಅತ್ತೆ ಇಳಿದು ಸ್ಪ್ಯಾನರ್ ಕಿತ್ತುಕೊಂಡರು. ಎಡಕ್ಕೆ ಸುತ್ತಿದರು. ನಟ್ಟು ಎಲ್ಲಿ ಇರಬೇಕೋ ಅಲ್ಲಿ ಕೂತಿತು. ಹೊರಗೆ ಗುಜರಿಯವನ ಗಾಡಿ ನಿಂತ ಸದ್ದಾಯಿತು.

"ಹಿಂದೆ ಕೂತ್ಕೋ," ಅಂದರು, ಮತ್ತೆ ಬೈಕ್ ಹತ್ತಿ. ಅಪ್ಪಣೆಯೇ ಅದು. ಕೂತೆ. ಎಂಜಿನ್ ಗುಡುಗಿತು. ಟಕ್! ಗೇಟಿನಲ್ಲಿ ನಮ್ಮನೆಯವರು "ಅಮ್ಮಾ!" ಎಂದು ಒಂದು ಪಕ್ಕಕ್ಕೆ ಹಾರಿದರು, ಗುಜರಿಯವನು ಇನ್ನೊಂದು ಪಕ್ಕಕ್ಕೆ.

"ಓಡೋ ಗಾಡಿ ನಾನು ತಗೊಳ್ಳಲ್ಲ ಸ್ವಾಮಿ!" ಎಂದು ಅವನು ಕೂಗಿದ್ದು ಹಿಂದಿನಿಂದ ಕೇಳಿಸಿತು. ಬೈಕು ಉಳಿಯಿತು! ಅತ್ತೆಯ ಸೊಂಟ ಬಿಗಿಯಾಗಿ ಹಿಡಿದು, ಮೆಲ್ಲಗೆ ದೇವರಿಗೆ ಕೃತಜ್ಞತೆ ಹೇಳತೊಡಗಿದೆ. ಟಕ್, ಟಕ್, ಟಕ್. ಬೀದಿ ಹಿಂದಕ್ಕೆ ಹಾರುತ್ತಿತ್ತು.

"ಇನ್ನೂ ಜೋರಾಗಿ ಹೇಳು," ಅಂದರು ಅತ್ತೆ. "ನಾನೂ ಸದ್ದು ಕೇಳಿಯೇ ಗೇರು ಕಲಿತೆ. ಬ್ರೇಕಿಗೆ ಸದ್ದೇ ಇರಲಿಲ್ಲ."