ಅನ್ನಮ್ಮನ ಪಕ್ಕದ ಜಾಗ

ಆದೆಪ್ಪನ ಹಾಡಿನ ಪುಸ್ತಕವನ್ನು ಇಲಿ ತಿಂದು ಹಾಕಿದ್ದೇ ಇಷ್ಟೆಲ್ಲ ರಂಪಕ್ಕೆ ಮೂಲ. ಮನೆಯಲ್ಲಿ ಇನ್ನು ಉಳಿದದ್ದು ಹೆಂಡತಿ ಅನ್ನಮ್ಮನ ಪುಸ್ತಕ ಒಂದೇ. ಆದೆಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೊಳಗೇ ಇಲಿಗೆ ಕೈಮುಗಿದ.

ಮದುವೆಯ ದಿನ ತಮ್ಮೂರು ನಾರಾಯಣಪೇಟೆಯ ಚರ್ಚಿನಲ್ಲಿ ಇಬ್ಬರೂ ಒಂದೇ ಪುಸ್ತಕ ಹಿಡಿದು ಹಾಡಿದ್ದರು. ಆಮೇಲೆ ಆ ಭಾಗ್ಯ ಬರಲೇ ಇಲ್ಲ. ಚರ್ಚಿನಲ್ಲಿ ಗಂಡಸರ ಚಾಪೆ ಬಲಕ್ಕೆ, ಹೆಂಗಸರ ಚಾಪೆ ಎಡಕ್ಕೆ. ಮನೆಯಲ್ಲಾದರೆ ಅವನು ಗೋಡೆಗೆ ಮುಖ ಮಾಡಿ ಮಗ್ಗದ ಗುಂಡಿಯಲ್ಲಿ, ಅವಳು ಬೆನ್ನ ಹಿಂದೆ ರಾಟೆಯ ಮುಂದೆ. ಅವಳು ಹಾಡಿದರೆ ಮಗ್ಗದ ಸದ್ದು ಅದನ್ನು ನುಂಗುತ್ತದೆ. ತಾನೇ ನೇಯ್ದ ಚೌಕಳಿ ಸೀರೆಯ ಸೆರಗನ್ನು ಭಾನುವಾರ ದೂರದಿಂದ ನೋಡುತ್ತ, ಅಷ್ಟು ಹೆಂಗಸರ ದನಿಯಲ್ಲಿ ಅವಳದೊಂದನ್ನು ಹೆಕ್ಕಲು ಹೆಣಗುವುದೇ ಅವನ ಪಾಡು. ಇಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಗಾಗಿ ಹೀಗೆ ಹಂಬಲಿಸುವ ಗಂಡಸು ಊರಲ್ಲಿ ಬೇರೆ ಇರಲಿಲ್ಲ. ಇದ್ದರೂ ಬಾಯಿ ಬಿಟ್ಟಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಮಾತಾಡಲು ಗದ್ವಾಲದಿಂದ ರಜಿನಿ ಎಂಬ ಹುಡುಗಿ ಬಂದಿದ್ದಳು. ದೇವಶಾಸ್ತ್ರ ಓದಿದವಳು. ಸ್ತ್ರೀವಾದದಲ್ಲಿ ಎಷ್ಟು ಬಗೆ, ಕ್ರೈಸ್ತರಿಗೆ ಅದರಲ್ಲಿ ಒಪ್ಪುವುದೆಷ್ಟು ಎಂಬುದು ಅವಳ ಮಾತಿನ ವಿಷಯ.

"ಒಂದು ಸ್ತ್ರೀವಾದ ಸಮಾನ ಕೂಲಿ, ಸಮಾನ ಹಕ್ಕು ಕೇಳ್ತೈತ್ರಿ. ಇನ್ನೊಂದು, ಹೆಂಗಸರ ಕೆಲಸ ಬ್ಯಾರೆ ಆದರೂ ಬೆಲಿ ಕಮ್ಮಿ ಅಲ್ಲ ಅಂತೈತಿ. ಮತ್ತೊಂದು, ಗಂಡಸರ ಸಹವಾಸನ ಬ್ಯಾಡ ಅಂತೈತಿ. ನಾವು ಎಲ್ಲಾನೂ ಒಂದ ಮಾತಿಗೆ ಹಚ್ಚಿ ನೋಡಬೇಕ್ರಿ. ದೇವರು ಇಬ್ಬರನ್ನೂ ತನ್ನ ರೂಪದಾಗ ಮಾಡ್ಯಾನ. ಹೆಣ್ಣನ್ನ ಗಂಡಸಿನ ಪಕ್ಕೆಲುಬಿನಿಂದ ಮಾಡ್ಯಾನ, ಕಾಲಿನ ಎಲುಬಿನಿಂದಲ್ಲ."

ತೂಕಡಿಸುತ್ತಿದ್ದ ಆದೆಪ್ಪ ಧಡಕ್ಕನೆ ಎದ್ದು ನಿಂತ. "ಹಂಗಾದರ ಹೆಂಡ್ತಿ ಗಂಡನ ಬಾಜೂಕ ಕುಂದ್ರಬೇಕಲ್ಲೇನಮ್ಮಾ?"

"ಸಿಗ್ಗು ಲೇದಾ ಆದೆಪ್ಪ?" ಎಂದಳು ಪಕ್ಕದ ಮನೆಯ ಬುಚ್ಚಮ್ಮ. "ನಾಚ್ಕಿ ಬಿಟ್ಟು ಹೆಂಡ್ತಿ ಸೆರಗು ಹಿಡ್ಕೊಂಡು ಕುಂದ್ರತೀಯೇನು?"

ಸಭೆಯ ಹಿರಿಯ ಎಲ್ಲಪ್ಪ ಮೀಸೆ ತಿರುವಿದ. "ಇವತ್ತ ಬಾಜೂಕ ಕುಂದ್ರಾಕ ಬಿಟ್ರ ನಾಳೆ ಹೆಂಗಸರು ಹಿರಿಯರ ಕುರ್ಚಿನೂ ಕೇಳ್ತಾರ. ಅದನ್ನೂ ಕೊಡ್ತೀಯೇನಲೇ?"

ಹಿರಿಯರ ಕುರ್ಚಿಗಳಿದ್ದದ್ದು ವೇದಿಕೆಯ ಮೇಲೆ, ಪಾದ್ರಿಗಳ ಪಕ್ಕದಲ್ಲಿ. ಸಭೆಗೆ ಹಾಡು ಎತ್ತಿಕೊಡುವುದೂ ಹಿರಿಯರದೇ ಕೆಲಸ. ಅದರಲ್ಲೊಂದು ಬೇಸಿಗೆಯಿಂದ ಖಾಲಿ ಬಿದ್ದಿತ್ತು. ಆದೆಪ್ಪನಿಗೆ ಕುರ್ಚಿಯ ಗೊಡವೆ ಬೇಕಿರಲಿಲ್ಲ, ಚಾಪೆ ಗೆದ್ದರೆ ಸಾಕಿತ್ತು.

"ಯಾಕ ಕೊಡಬಾರದ್ರಿ? ದೇವರ ಮುಂದ ಎಲ್ಲಾರೂ ಒಂದ. ಕೊಟ್ಟೇ ತೀರಬೇಕು!"

ಹಿಂದಿನವರು ಅವನ ಅಂಗಿ ಜಗ್ಗಿದರು. ಎಲ್ಲಪ್ಪ ಅವನನ್ನು ಹೆಂಡತಿಯ ಗುಲಾಮ ಎಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಬೈದ ಬುಚ್ಚಮ್ಮನದೇ ಎಲ್ಲಕ್ಕಿಂತ ಜೋರು. ಗದ್ದಲ ತಾಳಲಾರದೆ ಪಾದ್ರಿಗಳು ಒಪ್ಪುವವರ ಕೈ ಎತ್ತಿಸಿದರು. ಆದೆಪ್ಪ ಎರಡೂ ಕೈ ಎತ್ತಿದ್ದನ್ನು ಕಂಡು ಒಂದನ್ನು ಇಳಿಸಲು ಹೇಳಿದರು. ಆದರೂ ಗೆಲುವು ಅವನದೇ ಆಯಿತು. ಯಾರು ಎಲ್ಲಿ ಬೇಕಾದರೂ ಕೂರಬಹುದು. ಖಾಲಿ ಕುರ್ಚಿಗೆ ಒಬ್ಬಾಕೆಯನ್ನು ಹೆಂಗಸರೇ ಸಂಜೆಯೊಳಗೆ ಆರಿಸಬೇಕು.

ಆಚೆ ಚಾಪೆಯಿಂದ ಅನ್ನಮ್ಮ ಅವನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಇವಳಿಗೂ ಇದೇ ಆಸೆ ಇತ್ತಲ್ಲ ಎಂದುಕೊಂಡು ಆದೆಪ್ಪ ಕರಗಿಹೋದ.

ಮಧ್ಯಾಹ್ನ ಅನ್ನಮ್ಮ ಹೆಂಗಸರ ಸಭೆಗೆ ಹೋದಳು. ಆದೆಪ್ಪ ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟ ವರನಂತೆ ತಯಾರಾಗಿ, ಸಂಜೆಯ ಆರಾಧನೆಗೆ ಎಲ್ಲರಿಗಿಂತ ಮೊದಲೇ ಚರ್ಚಿಗೆ ಬಂದ. ತನ್ನ ಪಕ್ಕದಲ್ಲಿ ಟವೆಲ್ ಹಾಸಿ ಜಾಗ ಹಿಡಿದ. ಕೂರಲು ಬಂದವರನ್ನೆಲ್ಲ "ಇದು ಅನ್ನಮ್ಮಂದು" ಎಂದು ಓಡಿಸಿದ.

ಅನ್ನಮ್ಮ ಪುಸ್ತಕ ಹಿಡಿದು ಬಾಗಿಲಲ್ಲಿ ಕಾಣಿಸಿದಳು. ಆದೆಪ್ಪ ಟವೆಲ್ ಎತ್ತಿದ. ಆಗಲೇ ಪಾದ್ರಿಗಳು ಎದ್ದು ನಿಂತು ಹೇಳಿದರು: "ಹೆಂಗಸರೆಲ್ಲಾ ಒಂದೇ ದನಿಯಿಂದ ಅನ್ನಮ್ಮನವರನ್ನ ಹಿರಿಯರಾಗಿ ಆರಿಸ್ಯಾರ. ಬರ್ರಿ ಅಮ್ಮಾ, ಮ್ಯಾಲೆ ಬರ್ರಿ."

ಅನ್ನಮ್ಮ ಅವನ ಹತ್ತಿರ ಬಂದು ಬಗ್ಗಿದಳು. "ಏನ್ರೀ, ಅಲ್ಲಿ ನಿಂತು ಹಾಡಬೇಕಂತ ಎಷ್ಟು ವರ್ಷದಿಂದ ಜೀವ ಬಡಕೊಂತಿತ್ತು. ನೀವಲ್ದ ನನ್ನ ಸಲುವಾಗಿ ಯಾರು ಕೇಳ್ತಿದ್ರು?"

ಅವಳ ಮುಖದ ಬೆಳಕು ನೋಡಿ ಆದೆಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಹೋಗು, ಹೋಗು" ಎಂದಷ್ಟೇ ಅಂದ. ಅವಳು ಹೋದಳು, ಪುಸ್ತಕವೂ ಹೋಯಿತು.

ಖಾಲಿ ಜಾಗದಲ್ಲಿ ಬುಚ್ಚಮ್ಮ ಬಂದು ಕುಕ್ಕರಿಸಿದಳು. "ಪುಸ್ತಕ ಇಲ್ಲೇನಪಾ? ತಗೋ, ನನ್ನದರಾಗ ನೋಡು. ದೇವರ ಮುಂದ ಎಲ್ಲಾರೂ ಒಂದ."

ವೇದಿಕೆಯ ಮೇಲೆ ಅನ್ನಮ್ಮ ಹಾಡು ಎತ್ತಿದಳು. ಯಾವ ದನಿಯೂ ಬೆರೆಯದ ಅವಳೊಬ್ಬಳದೇ ದನಿ. ಆದೆಪ್ಪ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದ. ಎರಡನೆಯ ಸಾಲಿಗೆ ಬುಚ್ಚಮ್ಮ ಅವನ ಕಿವಿಯ ಪಕ್ಕದಲ್ಲೇ ದನಿಗೂಡಿಸಿದಳು; ಆಮೇಲೆ ಅವನಿಗೆ ಅನ್ನಮ್ಮ ಕೇಳಿಸಲೇ ಇಲ್ಲ.