ಶಾಂಘೈ ಅರಮನೆಗೆ ಅಡ್ಡದಾರಿ

ಶಾಂಘೈ ನಗರ ನನಗೆ ಚೆನ್ನಾಗಿ ಗೊತ್ತು ಎಂದು ಎಂಟು ವರ್ಷ ಹೇಳಿಕೊಂಡು ಬಂದವನು ನಾನು. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ನನ್ನ ಚೀನಾ ಪ್ರವಾಸ ಒಂದು ಸುತ್ತು ಮುಗಿದಿರುತ್ತಿತ್ತು. ಅಲ್ಲಿ ನಾನು ಇದ್ದದ್ದು ಹನ್ನೆರಡು ದಿನ. ಅದರಲ್ಲಿ ಹತ್ತು ದಿನ ಕಾರಿನ ಬ್ರೇಕ್ ತಯಾರಿಸುವ ಕಾರ್ಖಾನೆಯೊಳಗೆ. ಈ ವಿವರವನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನನ್ನ ಪಾಂಡಿತ್ಯಕ್ಕೆ ಎರಡು ದಾಖಲೆಗಳಿದ್ದವು. ಮೊದಲನೆಯದು ನಮ್ಮ ಲಿವಿಂಗ್ ರೂಮಿನ ಗೋಡೆಯ ಮೇಲಿದ್ದ ದೊಡ್ಡ ಫೋಟೋ. ಕೆಂಪು ಕಂಬಗಳ ಅರಮನೆ, ಎದುರಿಗೆ ಕೊಳ, ಕೊಳದ ಮೇಲೆ ಅಂಕುಡೊಂಕಾದ ಕಲ್ಲಿನ ಸೇತುವೆ, ಸೇತುವೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ನಾನು. ಭಾನುವಾರ ಒಬ್ಬನೇ ಎರಡು ಗಂಟೆ ನಡೆದು, ಪ್ರವಾಸಿಗರ ಕಣ್ಣಿಗೆ ಬೀಳದ ಆ ಪುರಾತನ ಅರಮನೆಯನ್ನು ನಾನೇ ಪತ್ತೆ ಹಚ್ಚಿದ್ದೆ. ಅದರ ವಯಸ್ಸು ಮೊದಲ ವರ್ಷ ಮುನ್ನೂರಿತ್ತು. ನಾನು ಹೇಳುತ್ತಾ ಹೇಳುತ್ತಾ ಸಾವಿರಕ್ಕೆ ಬಂದಿತ್ತು.

ಎರಡನೆಯದು ನನ್ನ ಪರ್ಸಿನಲ್ಲಿದ್ದ ಚೀಟಿ. ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಆಗದು ಎಂದು ಕಾರ್ಖಾನೆಯ ಮಿಸ್ ಚೆನ್ ಎಂಬ ಹುಡುಗಿಗೆ ವಿವರವಾಗಿ ಹೇಳಿದ್ದೆ. ಮರುದಿನ ಬೆಳಿಗ್ಗೆ ಆಕೆ ಚೀನೀ ಭಾಷೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟು, ‘ಇದನ್ನು ತೋರಿಸಿ, ಏನೂ ತೊಂದರೆ ಆಗುವುದಿಲ್ಲ’ ಎಂದಿದ್ದಳು. ನಿಜವಾಗಿಯೂ ಆಗಲಿಲ್ಲ. ಯಾವ ಅಂಗಡಿಯಲ್ಲಿ ತೋರಿಸಿದರೂ ಜನ ಓದಿ, ನನ್ನ ಮುಖ ನೋಡಿ, ಮರ್ಯಾದೆಯಿಂದ ಬೀದಿಗೆ ಕರೆತಂದು ಟ್ಯಾಕ್ಸಿ ಹತ್ತಿಸುತ್ತಿದ್ದರು. ನಮ್ಮಲ್ಲಿ ಸಸ್ಯಾಹಾರ ಇಲ್ಲ, ನಿಮ್ಮ ಹೋಟೆಲ್ಲಿನಲ್ಲೇ ಊಟ ಮಾಡಿ ಎಂಬ ಸೌಜನ್ಯ ಎಂದುಕೊಂಡಿದ್ದೆ.

ಹೀಗಿರಲು ನಮ್ಮ ಮದುವೆಯ ಇಪ್ಪತ್ತೈದನೇ ವರ್ಷ ಬಂತು. ಏನು ಬೇಕು ಎಂದು ನನ್ನ ಹೆಂಡತಿ ವಿಮಲಾಳನ್ನು ಕೇಳಿದೆ. ಅವಳು ಗೋಡೆಯ ಕಡೆ ನೋಡಿದಳು.

“ಒಡವೆ ಬೇಡಾರಿ. ಎಂಟು ವರ್ಷದಿಂದ ಆ ಸೇತುವೆ ಮೇಲೆ ನೀವೊಬ್ರೇ ನಿಂತಿದೀರ. ಧೂಳು ಒರೆಸೋಳು ಮಾತ್ರ ನಾನು. ಅದೇ ಜಾಗದಲ್ಲಿ ಇಬ್ರೂ ನಿಂತು ಒಂದು ಫೋಟೋ ತೆಗೆಸ್ಕೊಳ್ಳೋಣ.”

“ಅಷ್ಟೇ ತಾನೆ? ಹೊರಡು,” ಎಂದೆ.

ಪಕ್ಕದ ಬೀದಿಯ ದಾವಣಗೆರೆಯ ಇಮ್ತಿಯಾಜ್, “ಗ್ರೂಪ್ ಟೂರ್ ತಗೊಳ್ರಿ ಮೂರ್ತಿಯವರೇ, ಗೈಡ್ ಇರ್ತಾನೆ, ಆರಾಮಾಗಿ ಹೋಗಿ ಬರಬಹುದು,” ಎಂದರು. ಗೈಡು! ನನಗೆ! ಚಹಾ ಕುಡಿಸಿ, ಚೀಟಿ ತೋರಿಸಿ ಕಳುಹಿಸಿದೆ.

ವೀಸಾಕ್ಕೆ ಷಿಕಾಗೋಗೆ ಹೋಗಬೇಕಿತ್ತು. ಮಗಳು ಸ್ಮಿತಾ ಅದರ ಹತ್ತಿರದ ಲೈಲ್‌ನಲ್ಲಿ ಕೆಲಸದಲ್ಲಿದ್ದಳು. ರಾತ್ರಿ ಅವಳ ಮನೆಯಲ್ಲಿ ಉಳಿಯುವ ಯೋಜನೆ. ಇಂಟರ್ನೆಟ್ಟಿನಿಂದ ದಾರಿಯ ವಿವರ ಪ್ರಿಂಟ್ ತೆಗೆದು ವಿಮಲಾಳ ಕೈಗೆ ಕೊಟ್ಟಿದ್ದೆ. ಅವಳು ಓದುತ್ತಿದ್ದಳು, ನಾನು ಕೇಳುತ್ತಿರಲಿಲ್ಲ. ಮುನ್ನೂರು ಮೈಲಿ ಡ್ರೈವ್ ಮಾಡಿ ಕೊನೆಗೆ ಕಾರು ನಿಲ್ಲಿಸಿದಾಗ ಎದುರಿಗೆ ಗೋಪುರ ಕಂಡಿತು. ಲೈಲ್‌ಗೆ ಹೋಗಬೇಕಾದವರು ಲೆಮಾಂಟ್ ದೇವಸ್ಥಾನದ ಮುಂದಿದ್ದೆವು.

“ದೇವರ ದರ್ಶನ ಮಾಡ್ಕೊಂಡೇ ಹೋಗೋಣ ಅಂತ ಬೇಕಂತ್ಲೇ ಬಂದೆ,” ಎಂದೆ.

“ಬಾಗಿಲು ಹಾಕಿದೆಯಲ್ಲ?”

“ಹೊರಗಡೆಯಿಂದಲೇ ಕೈ ಮುಗಿ.”

ಲೈಲ್ ತಲುಪಿದಾಗ ಸ್ಮಿತಾ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಡ್ಯಾಡ್, ಇದರಲ್ಲಿ ಏನು ಬರೆದಿದೆ ಅಂತ ಯಾರನ್ನಾದ್ರೂ ಕೇಳಿದೀರಾ? ಮೈ ಆಫೀಸ್ ಫ್ರೆಂಡ್ ಕ್ಯಾನ್ ರೀಡ್ ಇಟ್.”

ಅನುಭವಸ್ಥನಿಗೆ ಅನುವಾದದ ಅಗತ್ಯವಿಲ್ಲ ಎಂದು ಚೀಟಿಯನ್ನು ಪರ್ಸಿಗೆ ಸೇರಿಸಿದೆ. ಮರುದಿನ ವೀಸಾ ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಎಂಬಲ್ಲಿ ‘ಹೆಂಡತಿಗೆ ಅರಮನೆ ತೋರಿಸುವುದು’ ಎಂದು ಬರೆದೆ. ವಿಮಲಾ ಅದನ್ನು ಹೊಡೆದು ಹಾಕಿಸಿ ಹೊಸ ಫಾರಂ ತಂದಳು.

ಶಾಂಘೈಗೆ ಇಳಿದಾಗ ಒಂದು ಸಣ್ಣ ತೊಂದರೆ ಎದುರಾಯಿತು. ನನಗೆ ಗೊತ್ತಿದ್ದ ಶಾಂಘೈ ಅಲ್ಲಿ ಇರಲಿಲ್ಲ. ಎಲ್ಲಿ ನೋಡಿದರೂ ಮೋಡ ಮುಟ್ಟುವ ಕಟ್ಟಡಗಳು. ಆದರೂ ನಾಲ್ಕು ದಿನ ಸೊಗಸಾಗಿ ಕಳೆದವು. ನದಿ ದಂಡೆಯಲ್ಲಿ ಸಂಜೆ ನಡೆದೆವು, ದೋಣಿ ಹತ್ತಿದೆವು, ವಿಮಲಾ ಬೀಸಣಿಗೆಗಳನ್ನು ಕೊಂಡಳು, ಹೋಟೆಲ್ ಕೋಣೆಯಲ್ಲಿ ಬಿಸಿನೀರಿಗೆ ಅವಲಕ್ಕಿ ಗೊಜ್ಜು ಕಲಸಿ ತಿಂದೆವು. ಪ್ರತಿದಿನವೂ ಒಂದೊಂದು ಉದ್ಯಾನಕ್ಕೆ, ಒಂದೊಂದು ಹಳೆಯ ಮಂದಿರಕ್ಕೆ ಹೋಗಿ, ಗೋಡೆಯ ಫೋಟೋದ ಪ್ರತಿಯನ್ನು ಪಕ್ಕಕ್ಕೆ ಹಿಡಿದು ನೋಡಿದೆವು. ಎಲ್ಲೆಡೆ ಕೊಳವಿತ್ತು, ಸೇತುವೆಯಿತ್ತು. ಅದಲ್ಲ. ಅದೂ ಅಲ್ಲ. ಕಾವಲುಗಾರರು ಫೋಟೋ ನೋಡಿ ಇಲ್ಲವೆಂದು ತಲೆಯಾಡಿಸಿದರು.

ವಿಮಲಾ ಪ್ರತಿ ಬೆಳಿಗ್ಗೆ ಆ ಫೋಟೋಗೆಂದೇ ತಂದಿದ್ದ ನೀಲಿ ಮೈಸೂರು ರೇಷ್ಮೆ ಸೀರೆ ಉಟ್ಟು ಹೊರಡುತ್ತಿದ್ದಳು, ಪ್ರತಿ ಸಂಜೆ ಮಡಿಚಿಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. ಆ ಸೀರೆ ಮಡಿಸುವುದನ್ನು ನೋಡಲು ನನ್ನ ಕೈಲಾಗಲಿಲ್ಲ.

ಕೊನೆಯ ದಿನ ಬ್ರಹ್ಮಾಸ್ತ್ರ ತೆಗೆದೆ. ಟ್ಯಾಕ್ಸಿಯವನಿಗೆ ಮೊದಲು ಅರಮನೆಯ ಫೋಟೋ ಕೊಟ್ಟೆ, ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಚೀಟಿ ಕೊಟ್ಟೆ, ನಾನು ಗಣ್ಯ ಅತಿಥಿ ಎಂಬುದಾದರೂ ತಿಳಿಯಲಿ ಎಂದು. ಅವನು ಓದಿದ. ನನ್ನ ಮುಖ ನೋಡಿದ. ಅದೇ ಹಳೆಯ ಗೌರವದ ನೋಟ. ವಿಮಲಾಳನ್ನೂ ಕನಿಕರದಿಂದ ನೋಡಿ ಗಾಡಿ ಹೊರಡಿಸಿದ.

“ನೋಡಿದ್ಯಾ?” ಎಂದೆ.

ಮುಕ್ಕಾಲು ಗಂಟೆ ಓಡಿ ಟ್ಯಾಕ್ಸಿ ಊರಾಚೆ ಕಾರ್ಖಾನೆಗಳ ನಡುವೆ ನಿಂತಿತು. ಎದುರಿಗೆ ನಾನು ಎಂಟು ವರ್ಷದ ಹಿಂದೆ ಇಳಿದುಕೊಂಡಿದ್ದ ಹೋಟೆಲ್ಲು. ಸ್ವಾಗತ ಕಟ್ಟೆಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಹೆಂಗಸಿದ್ದಳು. ಫೋಟೋ ತೋರಿಸಿದೆ. ಆಕೆ ಎದ್ದು, ಅಡುಗೆಮನೆಯ ಪಕ್ಕದ ಓಣಿಯಲ್ಲಿ ನಡೆದು, ಒಂದು ಸಣ್ಣ ಬಾಗಿಲು ತೆರೆದಳು.

ಕೆಂಪು ಕಂಬ. ಕೊಳ. ಅಂಕುಡೊಂಕು ಸೇತುವೆ!

“ಇದು ನಮ್ಮ ಹೋಟೆಲ್ಲಿನ ಮದುವೆ ಹಾಲ್,” ಎಂದಳು ಆಕೆ. “ಕಟ್ಟಿ ಒಂಬತ್ತು ವರ್ಷ ಆಯಿತು.”

ನನ್ನ ಅರಮನೆ ಒಂದೇ ವಾಕ್ಯದಲ್ಲಿ ಒಂಬೈನೂರ ತೊಂಬತ್ತೊಂದು ವರ್ಷ ಕಳೆದುಕೊಂಡಿತು.

ಆಗ ನೆನಪಾಯಿತು. ಆ ಭಾನುವಾರ ಮುಂಬಾಗಿಲಿಂದ ಹೊರಟು ಎರಡು ಗಂಟೆ ಅಲೆದು, ಯಾವುದೋ ಗೇಟಿನಿಂದ ಒಳನುಗ್ಗಿ ಅರಮನೆ ಕಂಡಿದ್ದೆ. ವಾಪಸ್ ಹೋಗಲು ದಾರಿ ತಿಳಿಯದೆ, ನನ್ನ ಫೋಟೋ ತೆಗೆದುಕೊಟ್ಟ ಕಾವಲುಗಾರನಿಗೆ ಚೀಟಿ ತೋರಿಸಿದಾಗ, ಅವನು ಇದೇ ಬಾಗಿಲು ತೆರೆದು ಎರಡೇ ನಿಮಿಷದಲ್ಲಿ ನನ್ನನ್ನು ಹೋಟೆಲ್ಲಿಗೆ ಮುಟ್ಟಿಸಿದ್ದ. ಚೀನೀಯರ ಅಡ್ಡದಾರಿಗಳ ಬಗ್ಗೆ ಎಷ್ಟು ಮನೆಗಳಲ್ಲಿ ಭಾಷಣ ಮಾಡಿದ್ದೆನೋ!

ವಿಮಲಾ ನನ್ನ ಕೈಯಿಂದ ಚೀಟಿ ತೆಗೆದು ಆ ಹೆಂಗಸಿಗೆ ಕೊಟ್ಟಳು. “ದಯವಿಟ್ಟು ಓದಿ ಹೇಳ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆಕೆ ಓದಿ, ತುಟಿ ಬಿಗಿಹಿಡಿದು, ಮೆಲ್ಲಗೆ ಹೇಳಿದಳು. “ಈ ಸಜ್ಜನರು ಪದೇ ಪದೇ ದಾರಿ ತಪ್ಪುತ್ತಾರೆ. ಹೆದರಬೇಡಿ, ಒಳ್ಳೆಯ ಮನುಷ್ಯ. ತುಂಬಾ ಮಾತಾಡುತ್ತಾರೆ. ದಯವಿಟ್ಟು ಈ ವಿಳಾಸದ ಹೋಟೆಲ್ಲಿಗೆ ಕಳುಹಿಸಿಕೊಡಿ.”

ಸಸ್ಯಾಹಾರದ ಸುದ್ದಿಯೇ ಇರಲಿಲ್ಲ.

ವಿಮಲಾ ಸೇತುವೆಯ ಕಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಕೊಳದ ಮೀನು ಎಣಿಸುತ್ತಾ ನಿಂತೆ. ಅಷ್ಟರಲ್ಲಿ ಹಾಲ್‌ನಿಂದ ಮದುವೆಯ ದಿಬ್ಬಣವೊಂದು ಹೊರಬಂತು. ವಿಮಲಾಳ ರೇಷ್ಮೆ ಸೀರೆ ನೋಡಿದ ಮದುಮಗಳು ಓಡಿ ಬಂದು ಅವಳ ಕೈ ಹಿಡಿದಳು. ಅವರ ಫೋಟೋಗ್ರಾಫರನೇ ನಮ್ಮಿಬ್ಬರನ್ನು ಸೇತುವೆಯ ಮೇಲೆ ನಿಲ್ಲಿಸಿ ನಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದ.

“ಸಾವಿರ ವರ್ಷ ಹಳೇದಾದ್ರೆ ಏನು, ಒಂಬತ್ತಾದ್ರೆ ಏನು,” ಎಂದಳು ವಿಮಲಾ, ಸೆರಗು ಸರಿಮಾಡಿಕೊಳ್ಳುತ್ತಾ. “ಮದುವೆ ಮನೆಗೇ ಕರ್ಕೊಂಡು ಬಂದಿದೀರ. ಸೊಂಟದ ಮೇಲಿನ ಕೈ ಮಾತ್ರ ತೆಗೀರಿ.”

ತೆಗೆದೆ.

ಈಗ ಗೋಡೆಯ ಮೇಲೆ ಹೊಸ ಫೋಟೋ ಇದೆ. ಅದರ ಕೆಳಗೆ ವಿಮಲಾ ಚೀಟಿಗೂ ಕಟ್ಟು ಹಾಕಿಸಿ, ಅನುವಾದದ ಸಮೇತ ತೂಗುಹಾಕಿದ್ದಾಳೆ. ಇಮ್ತಿಯಾಜ್ ಅದನ್ನು ಎರಡು ಸಲ ಓದಿ, “ಮಿಸ್ ಚೆನ್ ಭಾರಿ ಶ್ಯಾಣ್ಯಾಕಿ ಬಿಡ್ರಿ,” ಎಂದರು. ಊಟದ ಮನೆಗಳಲ್ಲಿ ಈಗ ಚೀನಾದ ಕಥೆಯನ್ನು ವಿಮಲಾ ಹೇಳುತ್ತಾಳೆ. ನಾನು ಮಜ್ಜಿಗೆ ಕುಡಿಯುತ್ತೇನೆ.

ಆಮೇಲಿನ ಯುಗಾದಿಗೆ ಲೆಮಾಂಟ್ ದೇವಸ್ಥಾನಕ್ಕೆ ಹೊರಟೆವು. ದಾರಿ ನನಗೆ ಗೊತ್ತೇ ಇತ್ತು, ಒಮ್ಮೆ ಹೋಗಿದ್ದೆನಲ್ಲ. ಎಕ್ಸಿಟ್ ತಪ್ಪಿ ಲೈಲ್‌ನ ಆಫೀಸು ಕಟ್ಟಡಗಳ ನಡುವೆ ಮೂರು ಸುತ್ತು ಹಾಕಿದೆ. ಕೊನೆಗೆ ಗ್ಯಾಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿದಾಗ ವಿಮಲಾ ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೈಗಿತ್ತಳು. ಸ್ಮಿತಾ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದ್ದ ಅದೇ ನಾಲ್ಕು ಸಾಲು. ಹೋಟೆಲ್ಲಿನ ಬದಲು ದೇವಸ್ಥಾನದ ವಿಳಾಸ.

ಕೌಂಟರಿನಲ್ಲಿದ್ದವನು ಓದಿದ. ನನ್ನ ಮುಖ ನೋಡಿದ. ಮರ್ಯಾದೆಯಿಂದ ಬೀದಿಯ ತನಕ ಕರೆತಂದು, ಕೈಸನ್ನೆ ಮಾಡಿ ದಾರಿ ತೋರಿಸಿದ.

ಮಹಾಮಂಗಳಾರತಿಯ ಹೊತ್ತಿಗೆ ಸರಿಯಾಗಿ ದೇವಸ್ಥಾನದಲ್ಲಿದ್ದೆವು.